ತುಟಿಯ ಮೇಲೆ ಕಾಣದ ಅಕ್ಷರ

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದು ನನಗೆ ನೆನಪಿಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಶೆಡ್ಡಿಗೆ ಒತ್ತಿಕೊಂಡಂತೆ ಕಟ್ಟಿದ ಒಂದೂವರೆ ಕೋಣೆಯ ಮನೆ ಅದು. ಗೋಡೆಯ ಆಚೆ ಹನ್ನೆರಡು ಪವರ್‌ಲೂಮುಗಳು. ಬೆಳಿಗ್ಗೆ ಶುರುವಾದರೆ ಕರೆಂಟು ಹೋಗುವವರೆಗೂ ಹೊಡೆದುಕೊಳ್ಳುತ್ತಿದ್ದವು. ಗೂಡಿನಲ್ಲಿಟ್ಟ ಲೋಟ ತಾನಾಗಿಯೇ ಸರಿದು ಸರಿದು ಅಂಚಿಗೆ ಬಂದು ಕೆಳಗೆ ಬೀಳುತ್ತಿತ್ತು. ಅದಕ್ಕೇ ನಮ್ಮ ಅಮ್ಮಿ ಗಾಜಿನ ಸಾಮಾನನ್ನು ಮನೆಯೊಳಗೆ ತರುತ್ತಿರಲಿಲ್ಲ. ದೊಡ್ಡ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ, ಹೆರಿಗೆ ಎಲ್ಲ. ಅರ್ಧ ಕೋಣೆಯಲ್ಲಿ ರಾಟೆ. ಅಲ್ಲಿ ಹೆಂಗಸರು ಕೂತು ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮುದ್ದೆ ಬೇಕಾ, ಸಾರು ಬೇಕಾ ಎಂದು ಕೇಳುವುದಕ್ಕೂ ಕಿರುಚಬೇಕು. ಕಿರುಚಿ ಸಾಕಾದವರು ಬರೀ ಬಾಯಿ ಆಡಿಸುತ್ತಿದ್ದರು, ನಾವು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆವು. ನನಗೆ ಮಾತು ಬಂದದ್ದೇ ಹಾಗೆ. ಲೋಕದಲ್ಲಿ ಎಲ್ಲರೂ ಹೀಗೇ ಇರುತ್ತಾರೆ ಎಂದುಕೊಂಡಿದ್ದೆ.

ಆ ಮನೆಯ ಸುದ್ದಿಯನ್ನು ನಾನು ಯಾರಿಗೂ ಹೇಳಿದವಳಲ್ಲ. ಹೇಳುವಂಥದ್ದು ಅಲ್ಲೇನೂ ಇರಲಿಲ್ಲ. ಈಗ ಬರೆಯುವುದು ನನ್ನ ಮೊಮ್ಮಗಳು ಸುಮಯ್ಯಾಳಿಗೆ ನಾನು ಮಾಡಿದ ಕೆಲಸದ ದೆಸೆಯಿಂದ. ಮೂರನೇ ಕ್ಲಾಸಿನವರೆಗೆ ಕಲಿತ ಕನ್ನಡ ನನ್ನದು. ಕಾಗುಣಿತವನ್ನು ಪಕ್ಕದ ಮನೆಯ ಟೀಚರಮ್ಮ ತಿದ್ದಿದ್ದಾರೆ. ಮಾತನ್ನು ತಿದ್ದಬೇಡಿ ಎಂದಿದ್ದೇನೆ. ಮನೆಯಲ್ಲಿ ನಾವು ಆಡುವುದು ಉರ್ದು, ಇಲ್ಲಿ ಅದನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಸುಮಯ್ಯಾ ನರ್ಸು. ಮಗ, ಸೊಸೆ ಶಕೀಲಾ, ಸುಮಯ್ಯಾ, ನಾನು, ನಾಲ್ಕು ಜನ ಅರಿಶಿನಕುಂಟೆಯಲ್ಲಿ ಬಾಡಿಗೆಗೆ ಇದ್ದೇವೆ. ಅವಳಿಗೂ ಅವಳ ಜೊತೆ ಓದಿದ ಮೂವರು ಹುಡುಗಿಯರಿಗೂ ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಗೊತ್ತಾಗಿತ್ತು. ಆದರೆ ಅವರ ಭಾಷೆಯ ಪರೀಕ್ಷೆ ಪಾಸಾಗಬೇಕು. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು, ಈ ಮೂರೂ ಅವಳಿಗೆ ಪಾಸು. ಮಾತಾಡುವುದರಲ್ಲಿ ಎರಡು ಸಲ ಫೇಲು. ಮಿಕ್ಕ ಮೂವರು ಎಲ್ಲದರಲ್ಲೂ ಪಾಸಾಗಿ ಕಾಯುತ್ತಿದ್ದರು. ಮೂರನೇ ಸಲವೂ ಹೋದರೆ ಅವಳ ಜಾಗ ಬೇರೆಯವಳಿಗೆ ಎಂದು ಆಸ್ಪತ್ರೆಯವರು ಬರೆದು ಕಳಿಸಿದ್ದರು.

ಸಂಜೆ ಆರಕ್ಕೆ ಅವಳ ಕ್ಲಾಸು. ಅಡುಗೆಮನೆಯ ಕಟ್ಟೆಯ ಮೇಲೆ ಮಸಾಲೆ ಡಬ್ಬಿಗೆ ಮೊಬೈಲನ್ನು ಒರಗಿಸಿ ಕೂರುತ್ತಿದ್ದಳು. ಅದರೊಳಗೆ ಒಬ್ಬಳು ಚಿಕ್ಕ ವಯಸ್ಸಿನ ಮಿಸ್ಸು. ಹೇಳಿಕೊಡುವುದೆಲ್ಲ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಬಾಯಿಯವರಿಗೆ ಎಂದೇ ಮಾಡಿದ ಪಾಠ. ನಾನು ಸೊಪ್ಪು ಬಿಡಿಸುತ್ತ ನೋಡುತ್ತಿದ್ದೆ. ದಾದಿ ಎಂದರೆ ನಮ್ಮಲ್ಲಿ ಅಪ್ಪನ ತಾಯಿ, ಸುಮಯ್ಯಾ ನನ್ನನ್ನು ಕರೆಯುವುದು ಹಾಗೆ.

“ವಿ ಅಂತ ಬರ್ದಿದ್ರೆ ಫ ಅನ್ಬೇಕು ದಾದಿ. ಡಬ್ಲ್ಯೂ ಬರ್ದಿದ್ರೆ ವ. ಜೆಡ್ ಬರ್ದಿದ್ರೆ ತ್ಸ.”

“ಮತ್ತೆ ಬರ್ಯೋದ್ಯಾಕೆ? ಬಾಯಿಗೆ ಬಂದಂಗೆ ಅನ್ನೋಂಗಿದ್ರೆ?”

“ನಮ್ಮ ಬಾಯಿಗಲ್ಲ, ಅವ್ರ ಬಾಯಿಗೆ ಬಂದಂಗೆ.”

ಅವನ್ನೆಲ್ಲ ಒಂದು ವಾರದಲ್ಲಿ ಕಲಿತಳು. ಸಿಕ್ಕಿಕೊಂಡದ್ದು ಸಿ ಎಚ್ ಎಂದು ಬರೆಯುವ ಒಂದು ಸದ್ದಿನಲ್ಲಿ. ಅದರಲ್ಲಿ ಎರಡು ಜಾತಿಯಂತೆ. ಆ, ಓ, ಊ ಆದಮೇಲೆ ಬಂದರೆ ಗಂಟಲಿನದು, ಒರಟು. ಈ, ಏ ಆದಮೇಲೆ ಬಂದರೆ ನಾಲಿಗೆಯ ಮೇಲಿನ ಬರೀ ಉಸಿರು, ಮೆತ್ತಗೆ. ಮೆತ್ತನೆಯದಕ್ಕೆ ಮಿಸ್ಸು ಒಂದು ಉಪಾಯ ಹೇಳಿದಳು. ಇಂಗ್ಲಿಷಿನಲ್ಲಿ ಹ್ಯೂಜ್ ಅನ್ನುವಾಗ ಮೊದಲಿಗೆ ಬರುವ ಉಸಿರನ್ನು ಹಾಗೇ ಹಿಡಿದು ಎಳೆಯಿರಿ, ಅಷ್ಟೇ. ಆದರೆ ನೆಲಮಂಗಲದ ಸರ್ಕಾರಿ ಸ್ಕೂಲಿನಲ್ಲಿ ಕಲಿತ ನಮ್ಮ ಹುಡುಗಿಯ ಬಾಯಲ್ಲಿ ಹ್ಯೂಜ್ ಎನ್ನುವುದೇ ಯೂಜ್ ಆಗಿತ್ತು. ಇಲ್ಲದ ಉಸಿರನ್ನು ಎಲ್ಲಿಂದ ಎಳೆಯುತ್ತಾಳೆ? ಮೆತ್ತನೆಯದಕ್ಕೆ ಶ್ ಅನ್ನುತ್ತಿದ್ದಳು. ಒರಟಿನದಕ್ಕೆ ಕ್ ಅನ್ನುತ್ತಿದ್ದಳು. ರಾತ್ರಿ ಅನ್ನುವುದಕ್ಕೆ ಅವರದೊಂದು ಮಾತಿದೆ, ಅದನ್ನು ನಾಕ್ಟ್ ನಾಕ್ಟ್ ಎಂದು ಕುಟ್ಟುತ್ತಿದ್ದಳು. ಮಿಸ್ಸು ತಾನು ಹೇಳಿ ತೋರಿಸಿದಳು. ಕೇಳಿದ್ದೇ ನನಗೆ ನಗು ಬಂತು. ಅದು ನಮ್ಮ ಖೇ ಅಕ್ಷರ. ಖಬರ್, ಖಾಲಿ ಅನ್ನುವಾಗ ನಮ್ಮ ಕಾಲದವರ ಗಂಟಲಿನಲ್ಲಿ ಗಾಳಿ ಉಜ್ಜಿಕೊಂಡು ಬರುತ್ತದಲ್ಲ, ಅದು. ಈಗಿನ ಮಕ್ಕಳು ಕಬರ್, ಕಾಲಿ ಎಂದುಬಿಡುತ್ತಾರೆ. ನಾನು ಸೊಪ್ಪು ಬಿಟ್ಟು ಮೊಬೈಲಿನ ಮುಂದೆ ಬಾಗಿ ಆ ಮಾತನ್ನು ಅಂದೆ. ಮಿಸ್ಸು, ಯಾರದು, ಇನ್ನೊಂದು ಸಲ ಹೇಳಲಿ ಎಂದಳಂತೆ. ಅಂದೆ. ಜರ್ಮನಿಯವರೇ ಅಂದಂತಿದೆ ಎಂದಳಂತೆ.

“ದಾದೀ, ಎಲ್ಲಿ ಕಲ್ತೆ ಇದನ್ನ?” ಎಂದು ಸುಮಯ್ಯಾ ನನ್ನ ಕೈ ಹಿಡಿದುಕೊಂಡಳು.

ಕಲಿತದ್ದಲ್ಲ. ಅದನ್ನು ನನ್ನ ಬಾಯಿಂದ ಕಿತ್ತು ಹಾಕುವುದಕ್ಕೆ ನೋಡಿದ್ದರು, ಅದು ಹೋಗಲಿಲ್ಲ, ಅಷ್ಟೇ.

ನಮ್ಮ ಮನೆಯ ಯಜಮಾನಿ ದಾದಿಮಾ, ಅಬ್ಬಾನ ತಾಯಿ. ಶಿರಾದ ಕಡೆಯಿಂದ ಬಂದವಳು. ಅವಳ ತಂದೆ ಮಕ್ಕಳಿಗೆ ಕುರಾನು ಓದುವುದನ್ನು ಹೇಳಿಕೊಡುತ್ತಿದ್ದವರು. ಆ ಒಂದು ಹೆಮ್ಮೆ ಬಿಟ್ಟರೆ ಅವಳು ಹೊತ್ತು ತಂದ ಆಸ್ತಿ ಒಂದು ಹಿತ್ತಾಳೆ ಚಮಚ. ರಾಟೆಯ ಮುಂದೆ ಕೂತು ನೂಲು ಸುತ್ತುತ್ತಲೇ ಕೇರಿಯ ಹೆಣ್ಣುಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ಆರು ಹುಡುಗಿಯರು ಚಾಪೆಯ ಮೇಲೆ, ಅವಳ ಎಡಗೈ ರಾಟೆಯ ಮೇಲೆ, ಕಣ್ಣು ನಮ್ಮ ಬಾಯಿಯ ಮೇಲೆ. ಖೇ ಅಲ್ಲದೆ ಖಾಫ್ ಎಂದು ನಾವು ಅನ್ನುವ ಇನ್ನೊಂದು ಅಕ್ಷರವಿದೆ. ಆದರೆ ಅದರ ಸರಿಯಾದ ಸದ್ದು ಹಾಗಲ್ಲ. ಕ ಅನ್ನುವುದಕ್ಕಿಂತ ಇನ್ನೂ ಒಳಗೆ, ಕಿರುನಾಲಿಗೆಯ ಬುಡದಲ್ಲಿ ಬಡಿದು ಬರಬೇಕಾದದ್ದು. ಈ ಸೀಮೆಯ ನಮ್ಮವರ ಬಾಯಿಗೆ ಅದು ಬರುವುದಿಲ್ಲ. ಅದರ ಜಾಗದಲ್ಲಿ ಎಲ್ಲರೂ ಖೇ ಎಂದೇ ಉಜ್ಜುತ್ತಾರೆ. ಅಂಗಡಿಯವನೂ ಹಾಗೇ ಅನ್ನುತ್ತಾನೆ, ನನ್ನ ಅಬ್ಬಾನೂ ಹಾಗೇ ಅನ್ನುತ್ತಿದ್ದ. ಮಾತಿನಲ್ಲಿ ಹೇಗಾದರೂ ಇರಲಿ, ಓದುವಾಗ ಅದು ತಪ್ಪಿದರೆ ದಾದಿಮಾ ಬಿಡುತ್ತಿರಲಿಲ್ಲ. ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಯಿಗೆ ನೀರು ಹಾಕಿ, ತಲೆ ಎತ್ತಿಸಿ ಗಳಗಳ ಮಾಡಿಸುವಳು. ಆ ನೀರು ಕುಣಿಯುವ ಜಾಗ ಯಾವುದೋ ಅಲ್ಲಿಂದ ಅನ್ನು ಎನ್ನುವಳು. ಬರಲಿಲ್ಲವೆಂದರೆ ಚಮಚದ ಹಿಡಿಯನ್ನು ನಾಲಿಗೆಯ ಬುಡಕ್ಕೆ ಒತ್ತುವಳು. ವಾಂತಿ ಬಂದರೆ ಒರೆಸಿ ಮತ್ತೆ ಕೂರಬೇಕು.

“ಮೇಕೆ ಕೆಮ್ಮಿದಂಗೆ ಕೆಮ್ಮಬ್ಯಾಡ. ಬಡಿ ಅದನ್ನ. ಬಾಗ್ಲು ಬಡಿದಂಗೆ ಬಡಿ.”

“ಬಡ್ದೆ ದಾದಿಮಾ.”

“ಎಲ್ಲಿ ಬಡ್ದೆ? ನಿನ್ನ ಮಾರಿ ಬಡೀಬೇಕು ನಾನು.”

ಮಿಕ್ಕ ಹುಡುಗಿಯರಿಗೆ ಬಂತೋ ಬರಲಿಲ್ಲವೋ ನನಗೆ ಗೊತ್ತಿಲ್ಲ. ಅವರು ಪರರ ಮಕ್ಕಳು, ಅವಳು ಬೇಗ ಬಿಟ್ಟುಬಿಡುತ್ತಿದ್ದಳು. ನಾನು ಮನೆಯವಳು. ನನ್ನ ಹೆಸರು ಖುರ್ಷಿದಾ. ಶುರುವಾಗುವುದೇ ಆ ಉಜ್ಜುವ ಅಕ್ಷರದಿಂದ. ನಿನಗೆ ಹೆಸರಿಟ್ಟಾಗಲೇ ಗಂಟಲು ಕೆಟ್ಟಿತು ಎಂದು ಬೈಯುತ್ತಿದ್ದಳು. ಅಮ್ಮಿ ಒಲೆಯ ಮುಂದೆ ಕೂತು ಎಲ್ಲವನ್ನೂ ನೋಡುತ್ತಿದ್ದಳು, ತುಟಿ ಆಡಿಸುತ್ತಿರಲಿಲ್ಲ. ಒಂದು ಸಲ ಮಾತ್ರ ಅತ್ತೆ ಆ ಕಡೆ ತಿರುಗಿದ್ದಾಗ ನನ್ನ ಕಡೆ ನೋಡಿ ಬಾಯಾಡಿಸಿದಳು. ಸರೀಗೇ ಅಂದೆ, ಎಂದಿದ್ದಳೋ, ಸರಿಯಾಗಿ ಅನ್ನು, ಎಂದಿದ್ದಳೋ, ಹೊಗೆಯಲ್ಲಿ ತಿಳಿಯಲಿಲ್ಲ.

ನಮ್ಮಲ್ಲಿ ಮಗು ಕುರಾನು ಓದಿ ಮುಗಿಸಿದರೆ ಆಮೀನ್ ಎಂದು ಮಾಡುತ್ತಾರೆ. ಮಗುವಿಗೆ ಹೊಸ ಬಟ್ಟೆ ಹಾಕಿ, ಮಲ್ಲಿಗೆ ಹಾರ ಹಾಕಿ, ಬಂಧು ಬಳಗದ ಹೆಂಗಸರ ಮಧ್ಯೆ ಕೂರಿಸುತ್ತಾರೆ. ಮಗು ಕೊನೆಯ ಸಣ್ಣ ಪಾಠಗಳನ್ನು ಎಲ್ಲರ ಮುಂದೆ ಓದಬೇಕು. ಓದಿದರೆ ಊಟ, ಹಣೆಗೆ ಮುತ್ತು, ಕೈಗೆ ಏನಾದರೂ. ನನಗೆ ಒಂಬತ್ತೋ ಹತ್ತೋ ಇದ್ದಾಗ ನನ್ನದಕ್ಕೆ ದಿನ ಇಟ್ಟರು. ಅಮ್ಮಿ ತನ್ನ ಮದುವೆಯ ಕೆಂಪು ದುಪಟ್ಟಾ ಕತ್ತರಿಸಿ ನನಗೆ ಹೊಲಿದಳು. ಶೆಡ್ಡಿನ ಯಜಮಾನರು ದೇವಾಂಗದವರು, ಒಳ್ಳೆಯವರು. ಅಬ್ಬಾ ಕೇಳಿಕೊಂಡಿದ್ದಕ್ಕೆ ಒಂದು ಗಂಟೆ ಹನ್ನೆರಡೂ ಮಗ್ಗ ನಿಲ್ಲಿಸಿದರು. ಆ ಸದ್ದಿಲ್ಲದ ಮನೆ ನನಗೆ ಪರಿಚಯವೇ ಇರಲಿಲ್ಲ. ನನ್ನ ಉಸಿರು ನನಗೇ ಕೇಳುತ್ತಿತ್ತು. ಜಮಖಾನದ ಮೇಲೆ ಇಪ್ಪತ್ತು ಇಪ್ಪತ್ತೈದು ಹೆಂಗಸರು. ಹಿತ್ತಲಿನಲ್ಲಿ ಖುಷ್ಕಾ ಅನ್ನ ದಮ್ಮಿಗೆ ಬಿದ್ದಿತ್ತು, ದಾಲ್ಚಾ ಸಾರಿನ ವಾಸನೆ. ನಾನು ಓದಬೇಕಾದ ಪಾಠದ ಮೊದಲ ಅಕ್ಷರವೇ ಅದು, ಬಡಿಯಬೇಕಾದದ್ದು.

ಅಂದೆ. ದಾದಿಮಾ ಕೈ ಎತ್ತಿದಳು.

“ಮತ್ತೆ.”

ಮತ್ತೆ ಅಂದೆ. ಮತ್ತೆ ಕೈ ಎತ್ತಿದಳು. ನಾಲ್ಕೋ ಐದೋ ಸಲ ಆಗಿರಬೇಕು. ಪಕ್ಕದ ಮನೆಯ ರಜಿಯಾಬಿ ಎನ್ನುವ ಹೆಂಗಸು ಮಧ್ಯೆ ಬಾಯಿ ಹಾಕಿದಳು.

“ಸರೀಗೇ ಅಂತೈತಲ್ಲಮ್ಮ ಮಗಾ. ಬಿಡಿ, ಓದ್ಲಿ.”

“ನಿನಗೇನು ಗೊತ್ತು? ಬೀಡಿ ಕಟ್ಟೋಳು ನೀನು. ಖುರ್ಷಿದಾ, ಮತ್ತೆ.”

ಬಾಯಿ ತೆರೆದೆ, ಏನೂ ಬರಲಿಲ್ಲ. ಮುಚ್ಚಿದೆ. ಆಮೇಲೆ ತೆರೆಯಲಿಲ್ಲ. ಅನ್ನು ಎಂದಳು, ಅನ್ನಲಿಲ್ಲ. ದಾದಿಮಾ ಎದ್ದು ಬಂದು ನನ್ನ ಕೊರಳಿನ ಹಾರವನ್ನು ತೆಗೆದು ತಟ್ಟೆಯಲ್ಲಿ ಸುತ್ತಿಟ್ಟಳು. ಊಟ ಹಾಕ್ರಿ ಎಂದಳು. ಎಲ್ಲರೂ ಉಂಡರು. ನಾನೂ ಉಂಡೆ, ಹಸಿವಾಗಿತ್ತು. ಊಟ ಮುಗಿಯುವ ಮೊದಲೇ ಗಂಟೆಯಾಗಿ ಮಗ್ಗ ಶುರುವಾಯಿತು. ಯಾರು ಏನು ಆಡಿಕೊಂಡರೋ ಕೇಳಲಿಲ್ಲ, ಅದೊಂದು ಒಳ್ಳೆಯದಾಯಿತು. ಮಾರನೇ ದಿನ ಅಮ್ಮಿ ನನ್ನ ಚಾಪೆಯನ್ನು ಮಡಿಸಿ ನನ್ನನ್ನು ರಾಟೆಯ ಮುಂದೆ ಕೂರಿಸಿದಳು. ಸ್ಕೂಲಿಗೂ ಕಳಿಸಲಿಲ್ಲ. ಓದುವ ಹುಡುಗಿಯಲ್ಲ ಎಂದು ಮನೆಯಲ್ಲಿ ಗೊತ್ತಾಗಿ ಹೋಗಿತ್ತು. ಕಂಡಿಕೆ ಸುತ್ತಿದೆ. ಮದುವೆಯಾಗಿ ಇನ್ನೊಂದು ಮಗ್ಗದ ಮನೆಗೆ ಹೋದೆ, ಅಲ್ಲಿಯೂ ಸುತ್ತಿದೆ. ಐವತ್ತು ವರ್ಷ ಸುತ್ತಿರಬಹುದು. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಏನನ್ನಾದರೂ ಓದಿದ್ದು ಇಲ್ಲ. ಜಗಳ ಆಡಿದ್ದೇನೆ, ಅದು ಬೇರೆ.

ಆದ್ದರಿಂದ ಸುಮಯ್ಯಾಳ ಮಿಸ್ಸು ಹೊಗಳಿದ್ದು ನನ್ನ ತಲೆಗೆ ಹತ್ತಿತು. ಹತ್ತಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಪರೀಕ್ಷೆಗೆ ಹದಿನೈದು ದಿನ ಇತ್ತು. ಮಾರನೇ ಬೆಳಿಗ್ಗೆಯೇ ಹುಡುಗಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಯಿಗೆ ನೀರು ಹಾಕಿಸಿದೆ.

“ತಲೆ ಎತ್ತು. ಗಳಗಳ ಮಾಡು. ಎಲ್ಲಿ ಕುಣೀತೈತೆ ನೀರು? ಅಲ್ಲಿಂದ ಗಾಳಿ ಬಿಡು.”

ಶಕೀಲಾ ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ನಕ್ಕಳು. “ಏನಮ್ಮಾ, ಜರ್ಮನಿಗೆ ಕಳಿಸ್ತೀರೋ ಗಂಟಲು ಡಾಕ್ಟ್ರ ಹತ್ರ ಕಳಿಸ್ತೀರೋ?”

ಮೂರು ದಿನಕ್ಕೆ ರಾತ್ರಿ ಅನ್ನುವ ಮಾತು ಬಂತು, ಪುಸ್ತಕ ಅನ್ನುವುದು ಬಂತು. ಒರಟಿನದು ಎಲ್ಲವೂ ಬಂತು. ಕ್ಲಾಸಿನಲ್ಲಿ ಮಿಸ್ಸು ಚಪ್ಪಾಳೆ ತಟ್ಟಿದಳು. ಹುಡುಗಿ ನನ್ನನ್ನು ತಬ್ಬಿಕೊಂಡು, ಮೆತ್ತನೆಯದನ್ನೂ ಹೇಳಿಕೊಡು ದಾದಿ ಎಂದಳು. ನಾನು, ಇಲ್ಲ ಎನ್ನಬೇಕಿತ್ತು. ಮೊಬೈಲಿನಲ್ಲಿ ಅದನ್ನು ಹಾಕು ಎಂದೆ. ಹಾಕಿದಳು. ‘ನಾನು’ ಅನ್ನುವುದಕ್ಕೆ ಅವರು ಅನ್ನುವ ಮಾತಂತೆ, ‘ಇಲ್ಲ’ ಅನ್ನುವುದಕ್ಕೆ ಇನ್ನೊಂದಂತೆ. ಕಿವಿಗೆ ಹಚ್ಚಿ ನಾಲ್ಕು ಸಲ ಕೇಳಿದೆ.

“ಇದೂ ಅದೇ ಖೇ ಕಣೇ. ಏನೂ ಬ್ಯಾರೆ ಇಲ್ಲ.”

“ಬ್ಯಾರೆ ಅಂತೆ ದಾದಿ. ಮಿಸ್ಸು ಹೇಳಿದ್ರು. ನಂಗೂ ಏನೋ ಬ್ಯಾರೆ ಥರ ಕೇಳ್ಸುತ್ತೆ. ಶ್ ಅಂದ್ರೂ ನಡಿಯುತ್ತೆ, ಆಮೇಲೆ ಸರಿಮಾಡೋಣ ಅಂದಿದ್ರು.”

“ನಡಿಯುತ್ತೆ ಅಂತ ಹೇಳಿ ಎರಡು ಸಲ ಫೇಲಾದೆಯಲ್ಲ? ನನ್ನ ಖೇ ಜರ್ಮನಿಯೋರ ಥರ ಐತೆ ಅಂದೋಳು ಯಾರು? ನಿನ್ನ ಮಿಸ್ಸೇ ತಾನೆ? ನನ್ನ ಮಾತು ಕೇಳು.”

ಕೇಳಿದಳು. ಅದೇ ತಪ್ಪು, ಅವಳದಲ್ಲ. ದೊಡ್ಡವರ ಮಾತು ಕೇಳಬೇಕು ಎಂದು ಸಾಕಿದವರು ನಾವೇ. ಆಮೇಲಿನ ಹನ್ನೆರಡು ದಿನ ಅವಳ ಬಾಯಿಂದ ಶ್ ಎಂದು ಬಂದಾಗಲೆಲ್ಲ ನಾನು ಮಣೆಯ ಮೇಲೆ ಸೌಟು ಕುಟ್ಟಿದೆ. ಶ್ ಎನ್ನುವುದು ನನಗೆ ತುಟಿಯಲ್ಲಿ ಕಾಣುತ್ತದೆ, ತುಟಿ ಮುಂದೆ ಬರುತ್ತದೆ. ಅದನ್ನು ಕಂಡ ಕೂಡಲೇ ಕುಟ್ಟುತ್ತಿದ್ದೆ. ಅವಳು ಮತ್ತೆ ಒಳಗಿನಿಂದ ಉಜ್ಜುವಳು, ನಾನು ಹೂಂ ಎನ್ನುವೆ. ಅಷ್ಟೂ ದಿನ ಮಿಸ್ಸಿಗೆ ಹುಷಾರಿರಲಿಲ್ಲ, ಕ್ಲಾಸು ನಡೆಯಲಿಲ್ಲ. ನಡೆದಿದ್ದರೆ ಅವಳಾದರೂ ಹಿಡಿಯುತ್ತಿದ್ದಳು. ಪರೀಕ್ಷೆಯ ದಿನ ಬೆಳಿಗ್ಗೆ ಎರಡು ದೋಸೆ ತಿನ್ನಿಸಿ ಬಸ್ಸಿಗೆ ಹತ್ತಿಸಿದೆ. ಕಿಟಕಿಯಲ್ಲಿ ಬಾಯಿ ಆಡಿಸುತ್ತ ಹೋದಳು, ಅದನ್ನೇ ಅನ್ನುತ್ತಿದ್ದಳು.

ಹತ್ತು ದಿನದ ಮೇಲೆ ಫೇಲು ಎಂದು ಬಂತು. ಯಾಕೆ ಎಂದು ಬರೆದಿರಲಿಲ್ಲ. ಅವರು ಕಾರಣ ಹೇಳುವುದಿಲ್ಲವಂತೆ. ಹೆದರಿಕೆ ಇರಬಹುದು, ಮಧ್ಯದಲ್ಲಿ ಮಾತು ಮರೆತಿರಬಹುದು. ಸಂಜೆ ಮಿಸ್ಸು ತಾನಾಗಿ ವಿಡಿಯೋ ಫೋನು ಮಾಡಿ, ಎಲ್ಲಿ, ಪರೀಕ್ಷೆಯಲ್ಲಿ ಹೇಗೆ ಮಾತಾಡಿದೆ, ನನಗೂ ಹೇಳು ಎಂದಳು. ಸುಮಯ್ಯಾ ಹೇಳಿದಳು. ಮಿಸ್ಸಿನ ಮುಖ ಚಿಕ್ಕದಾದದ್ದು ನನಗೆ ಈ ಕಡೆಯಿಂದಲೇ ಕಂಡಿತು. ಏನೋ ತುಂಬ ಹೊತ್ತು ಹೇಳಿದಳು. ಶಕೀಲಾ ನನ್ನ ಕಡೆ ತಿರುಗಿ ಹೇಳಿದಳು.

“ಎಲ್ಲಾದಕ್ಕೂ ಗಂಟ್ಲು ಯಾಕೆ ಹಾಕ್ದೆ ಅಂತವ್ರೆ ಅಮ್ಮಾ. ಮೊದ್ಲು ಇದ್ದಂಗೆ ಶ್ ಅಂದಿದ್ರೂ ಅರ್ಥ ಆಗ್ತಿತ್ತಂತೆ. ಯಾರು ಹೇಳ್ಕೊಟ್ರು ಅಂತ ಕೇಳ್ತಾವ್ರೆ.”

“ಯಾರು ಅಂತ ಹೇಳ್ದಳು?”

“ಯಾರೂ ಇಲ್ಲ ಅಂದ್ಲು.”

ಫೋನಿಟ್ಟ ಮೇಲೆ ಸುಮಯ್ಯಾ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಮನೆಯವರ ಹಾಗಲ್ಲ, ಆಸ್ಪತ್ರೆಯಲ್ಲಿ ಬಂದವರನ್ನು ನೋಡುವ ಹಾಗೆ. ಆಮೇಲೆ ಎದ್ದು ಬಂದು ನನ್ನ ಹಿಂದೆ ನಿಂತಳು.

“ದಾದಿ, ತಿರುಗ್ಬೇಡ. ಎರಡು ಮಾತು ಅಂತೀನಿ. ಒಂದೇನಾ, ಬ್ಯಾರೆನಾ ಹೇಳು.”

ಅಂದಳು.

“ಒಂದೇ.”

“ಇನ್ನೊಂದ್ಸಲ ಕೇಳು.”

“ಒಂದೇ ಅಂದ್ನಲ್ಲ.”

ಮತ್ತೆ ಏನೂ ಕೇಳಿಸಲಿಲ್ಲ. ನಾನು ತಿರುಗಿದೆ. ಅವಳ ತುಟಿ ಆಡುತ್ತಿತ್ತು. ಆಡುತ್ತಲೇ ಇತ್ತು, ನನಗೆ ಕೇಳಿಸಿರಲಿಲ್ಲ.

“ಮಗ್ಗದ ಮನೇಲಿದ್ದೋರಿಗೆ ಸಣ್ಣ ಸದ್ದು ಮೊದ್ಲು ಹೋಗುತ್ತೆ ದಾದಿ,” ಎಂದಳು. “ಗಾಳಿ ಥರದ ಸದ್ದೆಲ್ಲ. ಒರಟಿಂದು ಉಳ್ಕೊಳ್ಳುತ್ತೆ. ನಾನೇ ನೋಡ್ಬೇಕಿತ್ತು. ನಾನು ನರ್ಸು.”

ಆ ರಾತ್ರಿ ಊಟ ಮಾಡಿ ಮಲಗಿದೆ. ನಿದ್ದೆಯೂ ಬಂತು. ಆದರೆ ಅದಾದ ಮೇಲೆ ಒಂದು ವಿಷಯ ತಲೆಯಿಂದ ಹೋಗಿಲ್ಲ. ನಾನು ಐವತ್ತು ವರ್ಷ ಮಗ್ಗದ ಗೋಡೆಯ ಪಕ್ಕ ಕೂತವಳು. ನನಗೆ ಹೇಳಿಕೊಡುವ ಹೊತ್ತಿಗೆ ದಾದಿಮಾ ಎಷ್ಟು ವರ್ಷ ಕೂತಿದ್ದಳೋ. ಪವರ್‌ಲೂಮು ಬರುವ ಮುಂಚೆ ಕೈಮಗ್ಗದ ಕುಟ್ಟು. ಅವಳೂ ಬಾಯಿ ನೋಡಿಯೇ ಕೇಳುತ್ತಿದ್ದವಳು. ಬಡಿಯುವ ಅಕ್ಷರವೂ ಉಜ್ಜುವ ಅಕ್ಷರವೂ ಒಳಗೆ ಆಗುವಂಥವು, ತುಟಿಯ ಮೇಲೆ ಏನೂ ಕಾಣುವುದಿಲ್ಲ. ಮಗ್ಗ ನಿಂತು ಎಲ್ಲರಿಗೂ ಎಲ್ಲವೂ ಕೇಳುತ್ತಿದ್ದ ಆ ಒಂದು ಗಂಟೆಯಲ್ಲಿ ಬೀಡಿ ಕಟ್ಟುವ ರಜಿಯಾಬಿ ಸರಿಯಾಗಿದೆ ಎಂದಿದ್ದಳು. ಅವಳಿಗೆ ಕಿವಿ ಚೆನ್ನಾಗಿತ್ತು. ನಾನು ಸರಿಯಾಗಿ ಅಂದಿದ್ದೆನೋ ಏನೋ. ಗೊತ್ತಿಲ್ಲ. ದಾದಿಮಾ ಇಲ್ಲ, ರಜಿಯಾಬಿ ಇಲ್ಲ. ಈಗ ನಾನೇ ಅಂದು ನೋಡೋಣವೆಂದರೆ ಹೇಗೆ ಬರುತ್ತಿದೆ ಎಂದು ನನ್ನ ಕಿವಿಗೇ ನಂಬಿಕೆ ಇಲ್ಲ. ಅವಳ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟನ್ನು ಏನು ಮಾಡುವುದೋ ತಿಳಿಯುತ್ತಿಲ್ಲ. ಕೈಯಲ್ಲಿ ಚಮಚ ಹಿಡಿದಿದ್ದಳು, ಕೇಳುತ್ತಿರಲಿಲ್ಲ. ನಾನೂ ಸೌಟು ಹಿಡಿದಿದ್ದೆ, ಕೇಳುತ್ತಿರಲಿಲ್ಲ.

ಆಸ್ಪತ್ರೆಯವರು ಸುಮಯ್ಯಾಳ ಜಾಗವನ್ನು ಕುಂದಾಣದ ಕಡೆಯ ಒಂದು ಹುಡುಗಿಗೆ ಕೊಟ್ಟರು. ಹೋದ ತಿಂಗಳು ನಾಲ್ವರೂ ಹೊರಟರು. ಸುಮಯ್ಯಾ ರಜೆ ಹಾಕಿ ದೇವನಹಳ್ಳಿಗೆ ಹೋಗಿ ವಿಮಾನ ಹತ್ತಿಸಿ ಬಂದಳು. ಹೋಗಬೇಡ ಎಂದು ಅವರಪ್ಪ ಹೇಳಿದ್ದ, ಕೇಳಲಿಲ್ಲ. ಆ ಹೊಸ ಹುಡುಗಿಯ ಸೂಟ್‌ಕೇಸಿನ ಗಾಲಿ ಕಿತ್ತುಹೋಗಿತ್ತಂತೆ, ಇವಳೇ ಎತ್ತಿ ತಳ್ಳುಗಾಡಿಯ ಮೇಲೆ ಇಟ್ಟಳಂತೆ. ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬಂದಳು. ಶಕೀಲಾ ಒಲೆಯ ಮುಂದೆ ಇದ್ದಳು, ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅವಳು ಮುಖ ತೊಳೆದು ಬಂದು ನಮ್ಮ ಕಡೆ ಬೆನ್ನು ಮಾಡಿ ಗೂಡಿನಿಂದ ತಟ್ಟೆ ತೆಗೆಯುತ್ತಿದ್ದಳು.

“ನನ್ನ ಮಾತು ಕೇಳಿ ಕೆಟ್ಟೆ ಸುಮಯ್ಯಾ,” ಎಂದೆ. ಇಷ್ಟು ದಿನ ಅಂದಿರಲಿಲ್ಲ.

ಅವಳು ತಿರುಗಲಿಲ್ಲ. ಹೆಗಲು ಒಂದಿಷ್ಟು ಅಲುಗಿತು. ಏನೋ ಅಂದಳು. ಶಕೀಲಾ ಒಲೆಯಿಂದ ತಲೆ ಎತ್ತಿ ಮಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಪಾತ್ರೆಯನ್ನು ನೋಡಿದಳು.

ಏನಂದಳು ಎಂದು ಶಕೀಲಾಳನ್ನು ಕೇಳಬಹುದಿತ್ತು. ಕೇಳಿದ್ದರೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ.